ನರ್ಜಿಸ್ ಡಾಕ್ಟರಮ್ಮನ ಎಂಟು ಬಾಟಲಿ

ತೂಕ ಕಡಿಮೆ ಬಂದರೆ ಮೊದಲು ತಕ್ಕಡಿ ನೋಡಬೇಕು, ಆಮೇಲೆ ಸರಕಿಗೆ ಬೈಯಬೇಕು. ಅಂಗಡಿ ಇಟ್ಟವನಿಗೆ ಇದು ಮೊದಲ ವಾರವೇ ಗೊತ್ತಾಗುತ್ತದೆ. ಟ್ಯೂನಿಸ್ಸಿನಲ್ಲಿ ಹದಿನಾರು ವರ್ಷ ಮಿದುಳಿನ ಸಂಶೋಧನೆ ಮಾಡಿದ ಡಾಕ್ಟರ್ ನರ್ಜಿಸ್‌ಗೆ ನಲವತ್ತೈದನೇ ವಯಸ್ಸಿನಲ್ಲಿ ಗೊತ್ತಾಯಿತು. ಓದಿದವರಿಗೆ ಸ್ವಲ್ಪ ತಡ.

ಆಲ್ಝೈಮರ್ ರೋಗ ನೆನಪಿಗೆ ಕೈಹಾಕುವ ಎಷ್ಟೋ ವರ್ಷ ಮೊದಲೇ ಮೂಗಿಗೆ ಕೈಹಾಕುವುದುಂಟು. ಅದನ್ನು ಬೇಗ ಹಿಡಿಯಬೇಕೆಂದು ನರ್ಜಿಸ್ ಹೊರದೇಶದಿಂದ ಒಂದು ಪೆಟ್ಟಿಗೆ ತರಿಸಿದಳು. ಒಳಗೆ, ಗೀರಿದರೆ ವಾಸನೆ ಬರುವ ಚೀಟಿಗಳು. ಹುಟ್ಟೂರು ನಾಬೆಲ್‌ಗೆ ಹೋಗಿ ನಲವತ್ತೆರಡು ಮಂದಿ ಹಿರಿಯರಿಗೆ ಮೂಸಿಸಿದಳು. ಮೂವತ್ತೊಂಬತ್ತು ಜನ ನಪಾಸು. ಅಮೆರಿಕದ ಯಾವುದೋ ಮರದ, ಹೆಚ್ಚುಕಮ್ಮಿ ಮೆಂತ್ಯದ್ದೇ ವಾಸನೆಯ ಪಾಕದ ಚೀಟಿಗೆ ಮನ್ನೂಬಿಯಾ ಎಂಬ ಎಪ್ಪತ್ಮೂರರ ಮುದುಕಿ, "ಹುರಿದ ಮೆಂತ್ಯ" ಅಂದಿದ್ದಳು. ತಪ್ಪು ಗುರುತು ಬಿತ್ತು. ಮನೆಗೆ ಕಾಗದ ಹೋಯಿತು: ರೋಗದ ಅನುಮಾನವಿದೆ, ಬೆಂಕಿಯಿಂದ ದೂರವಿಡಿ.

ಮಗ ಲಮ್ಜೆದ್ ವಿಧೇಯ. ಅಮ್ಮ ಐವತ್ತು ವರ್ಷದಿಂದ ಹೂನೀರು ಭಟ್ಟಿ ಇಳಿಸುತ್ತಿದ್ದ ತಾಮ್ರದ ಹಂಡೆಯನ್ನು ಕೋಣೆಯಲ್ಲಿಟ್ಟು ಬೀಗ ಜಡಿದ. ಹುಳಿಕಿತ್ತಳೆ ಹೂ ಬಿಡಲು ಎರಡೇ ವಾರ ಇತ್ತು. ನಾಬೆಲ್‌ನಲ್ಲಿ ಆ ಹೊತ್ತಿಗೆ ಒಲೆಗೆ ಹಂಡೆ ಏರದ ಮನೆಗೆ, ಯಾರೋ ಸತ್ತಿರಬೇಕೆಂದು, ಜನ ಸಂತಾಪ ಹೇಳಲು ಬರುತ್ತಾರೆ.

ಮನ್ನೂಬಿಯಾ ಬುಟ್ಟಿಯಲ್ಲಿ ಎಂಟು ಬಾಟಲಿ ತುಂಬಿಕೊಂಡು ಬಾಡಿಗೆ ವ್ಯಾನು ಹತ್ತಿ ಪ್ರಯೋಗಾಲಯಕ್ಕೇ ಬಂದಳು.

"ದೊಡ್ಡಮ್ಮಾ, ಒಬ್ಬರೇ ಬಂದ್ರಾ?"

"ಇಲ್ಲ ಮಗಳೇ, ನೀನು ಕೊಟ್ಟ ಕಾಯಿಲೆ ಜೊತೇಲಿ ಬಂತು. ಪುಣ್ಯಕ್ಕೆ ಡ್ರೈವರ್ ಅದಕ್ಕೆ ಬೇರೆ ಸೀಟು ಕೇಳಲಿಲ್ಲ." ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟಳು. ಒಂದಕ್ಕೂ ಚೀಟಿಯಿಲ್ಲ. "ಮೆಂತ್ಯದ ವಾಸನೇನ ಮೆಂತ್ಯ ಅಂದಿದ್ದಕ್ಕೆ ಹಂಡೆಗೆ ಬೀಗ ಹಾಕಿಸಿದೆ. ಈಗ ನೀನು ಮೂಸು."

ನರ್ಜಿಸ್ ಮೂಸಿದಳು. ಗುಲಾಬಿ ಸಿಕ್ಕಿತು, ಪುದೀನ ಸಿಕ್ಕಿತು, ಕಿತ್ತಳೆ ಹೂ ಸಿಕ್ಕಿತು. ಕಾಡುಗುಲಾಬಿಗೂ ಗುಲಾಬಿ ಎಂದಳು. ಉಳಿದವಕ್ಕೆ ಗೋಡೆ ನೋಡಿದಳು.

"ಎಂಟಕ್ಕೆ ಮೂರು! ಅಯ್ಯೋ ಪಾಪ. ಇವಳನ್ನ ಒಲೆ ಹತ್ರ ಬಿಡಬೇಡಿ ಅಂತ ಕಾಗದ ಯಾರಿಗೆ ಬರೀಲಿ, ನಿಮ್ಮಮ್ಮನಿಗಾ, ಗಂಡನಿಗಾ?"

ನರ್ಜಿಸ್ ಹೊರದೇಶದ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಅದೇ ವಾರ ಎಂಟು ಬಾಟಲಿ ಹಿಡಿದು ನಾಬೆಲ್‌ಗೆ ಹೋಗಿ ಮೊದಲಿಂದ ಶುರುಮಾಡಿದಳು. ಈ ಸಲ ನಪಾಸಾದವರು ಆರೇ ಜನ. ಆ ಆರೂ ಮನೆಗಳವರು ತಲೆ ತಗ್ಗಿಸಿದರು, ಅವರಿಗೂ ಒಳಗೊಳಗೇ ಅನುಮಾನವಿತ್ತು. ಮನ್ನೂಬಿಯಾಗೆ ಎಂಟಕ್ಕೆ ಎಂಟು. ಪಕ್ಕದಲ್ಲಿ ಸಿಗರೇಟು ಸೇದುತ್ತಾ ನಿಂತಿದ್ದ ಲಮ್ಜೆದ್‌ಗೂ ಮೂಸಿಸಿದರು: ನಾಲ್ಕು.

"ಕೊಡೋ ಬೀಗದ ಕೈ," ಅಂದಳು ತಾಯಿ. "ನಾಲ್ಕು ಬಂದವನ ಜೇಬಲ್ಲಿ ಅದಕ್ಕೇನು ಕೆಲಸ?"

"ದೊಡ್ಡಮ್ಮಾ, ಒಂದು ಮಾತು," ಅಂದಳು ನರ್ಜಿಸ್. "ಪ್ರತಿವರ್ಷ ಹಂಡೆ ಏರೋಕೆ ಮುಂಚೆ ನನ್ನ ಮುಂದೆ ಮೂಸಬೇಕು."

"ನೀನೂ ಮೂಸ್ತೀಯಾದ್ರೆ ಸರಿ."

ಆಯಾ ಊರಿನ ಮೂಗನ್ನು ಆಯಾ ಊರಿನ ವಾಸನೆಯಿಂದಲೇ ಅಳೆಯಬೇಕೆಂದು ನರ್ಜಿಸ್ ಬರೆದ ಲೇಖನವನ್ನು ನಾಬೆಲ್‌ನಲ್ಲಿ ಯಾರೂ ಓದಲಿಲ್ಲ. ಬೇರೆ ಊರುಗಳ ಡಾಕ್ಟರುಗಳು ಓದಿ, ತಮ್ಮ ತಮ್ಮ ಬಾಟಲಿ ತುಂಬಿಕೊಂಡರು.

ನಾಲ್ಕನೇ ವಸಂತದಲ್ಲಿ ನರ್ಜಿಸ್‌ಗೆ ಆರು ಬಂತು, ಮನ್ನೂಬಿಯಾಗೆ ಐದು. ಕಿತ್ತಳೆ ಹೂವಿಗೆ ಅವಳು ಪುದೀನ ಅಂದಿದ್ದಳು. ಹನ್ನೊಂದು ಮೊಮ್ಮಕ್ಕಳ ಹೆಸರು ಮಾತ್ರ ಒಂದೂ ತಪ್ಪಿರಲಿಲ್ಲ.

ಮುದುಕಿ ಬಾಟಲಿಗಳ ಮುಚ್ಚಳ ಹಾಕುತ್ತಾ, "ನನ್ನ ನೋಡಿ ಕಾಪಿ ಹೊಡ್ದು ಆರು ತಗೊಂಡಿದೀಯ," ಅಂದಳು.

"ಹೂಂ, ದೊಡ್ಡಮ್ಮಾ."

ಮನ್ನೂಬಿಯಾ ಬೀಗದ ಕೈಯನ್ನು ತಾನೇ ಮಗನ ಜೇಬಿಗೆ ಹಾಕಿದಳು. "ಬೆಂಕಿ ನಿಂದು, ಪಕ್ಕದ ಮಣೆ ನಂದು. ನೆನಪಿರೋವಾಗ್ಲೇ ಹೇಳ್ಕೊಡ್ತೀನಿ, ಆ ಹೊಗೆ ಬಿಸಾಕು."

ಲಮ್ಜೆದ್ ಸಿಗರೇಟು ಬಿಟ್ಟ. ಮುಂದಿನ ವಸಂತದಲ್ಲಿ ಅವನಿಗೆ ಆರು ಬಂತು.