ಬಾಯಿಪಾಠ ಮಾಡಿಸಿದ ಏಪ್ರಿಲ್

ಮಗಳು ಹೈಸ್ಕೂಲಿನ ಸ್ಕೀ ತಂಡಕ್ಕೆ ಸೇರುತ್ತೇನೆ ಎಂದಾಗ ನಾನು ಕಡ್ಡಿ ಮುರಿದಂತೆ ಬೇಡ ಎಂದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಹಿಮ ಎಂದರೆ ಬೆಳಗಾಗೆದ್ದು ಸಲಿಕೆ ಹಿಡಿದು ಮನೆ ಮುಂದಿನ ಡ್ರೈವ್‌ವೇಯಿಂದ ಅದನ್ನು ಬಳಿದು ಹಾಕುವ ಶಿಕ್ಷೆ, ಅಷ್ಟೇ. ಕಾಲಿಗೆ ಎರಡು ಪಟ್ಟಿ ಕಟ್ಟಿಕೊಂಡು ಬೇಕೆಂದೇ ಅದರ ಮೇಲೆ ಜಾರುವುದು ತಲೆ ನೆಟ್ಟಗಿರುವವರ ಕೆಲಸವಲ್ಲ ಎಂದು ಕೂಗಾಡಿದೆ. ಅವಳು ಸುಮ್ಮನೆ ಹೋಗಿ ಅಮ್ಮನ ಹತ್ತಿರ ಸಹಿ ಹಾಕಿಸಿಕೊಂಡಳು. ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾವು ಅಮೆರಿಕದ ಪಾರ್ಸಿಪನಿ ಎಂಬ ಊರಿನಲ್ಲಿದ್ದೆವು, ನಾನು ಹೆದ್ದಾರಿ ಪಕ್ಕದ ಕಚೇರಿಯೊಂದರಲ್ಲಿ ಸೇತುವೆಗಳ ನಕ್ಷೆ ಹಾಕುತ್ತಿದ್ದೆ.

ಮೊದಲ ಎರಡು ಚಳಿಗಾಲ ಅವಳು ತಂಡದ ಬಸ್ಸಿನಲ್ಲೇ ಹೋಗಿ ಬರುತ್ತಿದ್ದಳು. ಆ ವಯಸ್ಸಿನಲ್ಲಿ ಅವಳಿಗೂ ನನಗೂ ಅಷ್ಟಕ್ಕಷ್ಟೇ. ನಾನು ಕನ್ನಡದಲ್ಲಿ ನಾಲ್ಕು ವಾಕ್ಯ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದು ಪದ ಉತ್ತರ ಕೊಡುತ್ತಿದ್ದಳು. ಮೂರನೆಯ ಚಳಿಗಾಲದಲ್ಲಿ ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆ ಎಂಬ ಕಾರಣಕ್ಕೆ ಶನಿವಾರಗಳಂದು ಡ್ರೈವ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಗೊಣಗುತ್ತಲೇ ಒಪ್ಪಿಕೊಂಡೆ.

ಸ್ಕೀ ಮಾಡುವ ಗುಡ್ಡ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರ. ಹಿಂದಿನ ಸಂಜೆ ಗ್ಯಾರೇಜಿನಲ್ಲಿ ಸ್ಕೀಗಳನ್ನು ಅಂಗಾತ ಮಲಗಿಸಿ, ಅಡಿಭಾಗಕ್ಕೆ ಬಿಸಿ ಇಸ್ತ್ರಿ ಪೆಟ್ಟಿಗೆಯಿಂದ ಮೇಣ ಕರಗಿಸಿ ಸವರಿ, ಆರಿದ ಮೇಲೆ ಕೆರೆದು ನುಣುಪು ಮಾಡಬೇಕು. ಅದನ್ನು ಅವಳೇ ಕಲಿಸಿದಳು. ಮೊದಲ ಸಲ ನಾನು ಹೆಂಡತಿಯ ಇಸ್ತ್ರಿ ಪೆಟ್ಟಿಗೆಯನ್ನೇ ಕದ್ದೊಯ್ದಿದ್ದೆ. ಅದಕ್ಕಂಟಿದ್ದ ಮೇಣ ಅವಳ ಧಾರವಾಡದ ಸೀರೆಗೆ ಹತ್ತಿ ಕಲೆಯಾಯಿತು. ಆ ವಿಷಯ ನಮ್ಮ ಮನೆಯಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ.

ಕಾರಿನಲ್ಲಿ ಮಗಳು ಮಾತಾಡತೊಡಗಿದಳು. ಅದೂ ತನ್ನ ಮುರುಕು ಕನ್ನಡದಲ್ಲಿ. ಇಳಿಜಾರಿನಲ್ಲಿ ಸಾಲಾಗಿ ನೆಟ್ಟ ಕಂಬಗಳ ನಡುವೆ ಸ್ಕೀ ಮೇಲೆ ಇಳಿಯುವಾಗ ಎದುರಿನ ಕಂಬವನ್ನು ನೋಡಬಾರದು, ಅದರಾಚೆಯದನ್ನು ನೋಡಬೇಕು ಎಂದು ವಿವರಿಸಿದಳು. ನನ್ನ ಅಪ್ಪ ಹೇಗಿದ್ದರು, ಅವರು ನನಗೆ ಹೊಡೆಯುತ್ತಿದ್ದರೇ ಎಂದು ಕೇಳಿದಳು. ಒಂದು ಶನಿವಾರ, ಚಪಾತಿ ಪಲ್ಯದ ಸುರುಳಿ ತಿನ್ನುತ್ತಾ, "ಅಪ್ಪ, ಗುಡ್ಡದ ಮೇಲೆ ನಿಂತಾಗ ಪ್ರತಿ ಸಲ ನಂಗೆ ಭಯ ಆಗತ್ತೆ. ಯಾರಿಗೂ ಹೇಳ್ಬೇಡ," ಎಂದಳು. ನಾನು ಯಾರಿಗೂ ಹೇಳಲಿಲ್ಲ, ಅವಳ ಅಮ್ಮನಿಗೂ. ಸ್ಕೀ ಎಂದರೆ ಉರಿದು ಬೀಳುತ್ತಿದ್ದ ನಾನು ಸೋಮವಾರದಿಂದಲೇ ಶನಿವಾರಕ್ಕೆ ಕಾಯತೊಡಗಿದೆ. ಅಷ್ಟು ಸುಖವಾಗಿ ನಾನು ಈ ದೇಶದಲ್ಲಿ ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಇರಲಿಲ್ಲ.

ಫೆಬ್ರವರಿ ಕೊನೆಯಲ್ಲಿ, ಅಭ್ಯಾಸದ ದಿನ, ಅವಳ ಸ್ಕೀಯ ಅಂಚು ಗಡ್ಡೆಕಟ್ಟಿದ ಹಿಮಕ್ಕೆ ಸಿಕ್ಕಿಕೊಂಡಿತು. ಹಿಂದಕ್ಕೆ ಬಿದ್ದಳು, ತಲೆ ಮಂಜುಗಡ್ಡೆಗೆ ಬಡಿಯಿತು. ಆ ಕಾಲದಲ್ಲಿ ಆ ಆಟಕ್ಕೆ ಮಕ್ಕಳು ಹೆಲ್ಮೆಟ್ ಹಾಕುತ್ತಿದ್ದದ್ದು ಕಡಿಮೆ. ಅವಳ ತಲೆಯ ಮೇಲಿದ್ದದ್ದು ಉಣ್ಣೆಯ ಟೋಪಿ. ಹನ್ನೊಂದು ದಿನ ಕಣ್ಣು ಬಿಡಲಿಲ್ಲ. ಬಿಟ್ಟ ಮೇಲೆ ನಮ್ಮನ್ನು ಗುರುತಿಸಿದಳು, ಆದರೆ ಮಾತು ಒಂದೊಂದಾಗಿ, ಎಲ್ಲಿಂದಲೋ ಹುಡುಕಿ ತಂದಂತೆ ಬರುತ್ತಿತ್ತು. ತಲೆಗೆ ಪೆಟ್ಟಾದವರನ್ನು ಮತ್ತೆ ದಿನದ ಬದುಕಿಗೆ ಅಣಿಗೊಳಿಸುವ ರಿಹ್ಯಾಬ್ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿ ಒಬ್ಬ ಥೆರಪಿಸ್ಟ್ ಇದ್ದರು. ಐವತ್ತು ದಾಟಿದ ಅಮೆರಿಕನ್ ಹೆಂಗಸು, ಕೊರಳಿಗೆ ಕನ್ನಡಕ ನೇತುಹಾಕಿಕೊಂಡಿರುತ್ತಿದ್ದರು. ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಅವೇ ಪ್ರಶ್ನೆ ಕೇಳುತ್ತಿದ್ದರು. ಇದು ಯಾವ ಜಾಗ? ಯಾವ ತಿಂಗಳು? ಇಲ್ಲಿಗೆ ಯಾಕೆ ಬಂದಿದ್ದೀಯ? ಮಗಳು ಒಂದು ದಿನ ಜುಲೈ ಎನ್ನುವಳು, ಇನ್ನೊಂದು ದಿನ ಇದು ಸ್ಕೂಲು ಎನ್ನುವಳು. ಥೆರಪಿಸ್ಟ್ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು ಹೋಗುತ್ತಿದ್ದರು. ಕೆಲವು ದಿನ ಸತತವಾಗಿ ಸರಿ ಉತ್ತರ ಬಂದರೆ ವಾರದ ಕೊನೆಗೆ ಮನೆಗೆ ಕರೆದುಕೊಂಡು ಹೋಗಬಹುದು ಎಂದು ತಿಳಿಯಿತು.

ಆ ಹಾಳೆ ನೋಡಿದ್ದೇ ತಡ, ನನ್ನೊಳಗಿನ ಮೈಸೂರಿನ ವಿದ್ಯಾರ್ಥಿ ಎದ್ದು ಕೂತ. ಪ್ರಶ್ನೆಗಳು ಗೊತ್ತಿವೆ, ಉತ್ತರಗಳು ಗೊತ್ತಿವೆ, ಇನ್ನೇನು ಬೇಕು? ಮಗ್ಗಿಯಿಂದ ಹಿಡಿದು ಎಂಜಿನಿಯರಿಂಗ್ ಡಿಗ್ರಿಯವರೆಗೆ ನಾನು ದಾಟಿದ್ದೇ ಬಾಯಿಪಾಠದಿಂದ. ಮಗಳಿಗೂ ದೀಪ ಹಚ್ಚುವ ಹೊತ್ತಿಗೆ ಶ್ಲೋಕ, ಮಗ್ಗಿ ಹಾಗೆಯೇ ಹೇಳಿಕೊಟ್ಟಿದ್ದೆವು. ಹೆಂಡತಿ ನೋಟ್‌ಬುಕ್ಕಿನಲ್ಲಿ ಪ್ರಶ್ನೋತ್ತರ ಬರೆದಳು, ಪರೀಕ್ಷೆಯ ಗೈಡಿನ ಥರ. ಸಂಜೆ ಅವಳು ಹೇಳಿಸುವಳು. ಬೆಳಿಗ್ಗೆ ಕಚೇರಿಗೆ ತಡವಾಗಿ ಹೋಗುತ್ತೇನೆಂದು ಹೇಳಿ ನಾನು ಒಂಬತ್ತಕ್ಕೇ ಬಂದು ಅವತ್ತಿನ ವಾರ, ತಾರೀಖು ಉರು ಹೊಡೆಸುವೆ.

"ಇದು ಯಾವ ತಿಂಗಳು ಪುಟ್ಟಿ?"

"ಏಪ್ರಿಲ್."

"ಇನ್ನೊಂದ್ಸಲ."

"ಏಪ್ರಿಲ್, ಏಪ್ರಿಲ್."

"ರೀ, ಮೋಸ ಮಾಡ್ತಾ ಇದೀವಿ ಅನ್ಸಲ್ವಾ ನಿಮಗೆ?" ಎಂದು ಹೆಂಡತಿ ಒಮ್ಮೆ ಕೇಳಿದಳು. "ಓದಿಸೋದು ಯಾವತ್ತಿಂದ ಮೋಸ ಆಯ್ತು?" ಎಂದು ಅವಳ ಬಾಯಿ ಮುಚ್ಚಿಸಿದೆ. ಆ ವಾರ ಮಗಳ ಒಂದು ಉತ್ತರವೂ ತಪ್ಪಲಿಲ್ಲ. ಥೆರಪಿಸ್ಟ್ ಬೆರಗಾದರು, ನಾನು ಬೀಗಿದೆ.

ಶನಿವಾರ ಮಗಳು ಮನೆಗೆ ಬಂದಳು. ಮಧ್ಯಾಹ್ನ ತಿಳಿಸಾರು ಅನ್ನ ಉಂಡು ಮಲಗಿದ್ದಳು. ನಾವಿಬ್ಬರೂ ಅಡುಗೆಮನೆಯಲ್ಲಿದ್ದೆವು. ಹೆಂಡತಿ ಹೋಗಿ ನೋಡಿದರೆ ಹಾಸಿಗೆ ಖಾಲಿ, ಗ್ಯಾರೇಜಿನ ಬಾಗಿಲು ತೆರೆದಿತ್ತು. ನಾನು ಬರಿಗಾಲಿನಲ್ಲೇ ಓಡಿದೆ. ನಮ್ಮ ಬೀದಿ ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ಮಗಳು ಸ್ಕೀಗಳನ್ನು ಹೆಗಲಿಗೇರಿಸಿಕೊಂಡು, ಅಂಚು ದಾಟಿ ರಸ್ತೆಯೊಳಗೇ ನಿಂತಿದ್ದಳು. ಎಲ್ಲ ಮನೆಗಳ ಮುಂದೆ ಹಳದಿ ಹೂ ಬಿಟ್ಟಿದ್ದ ಬಿಸಿಲಿನ ದಿನ. ಕಾರುಗಳು ಹಾರ್ನ್ ಹೊಡೆಯುತ್ತಾ ಅವಳನ್ನು ಬಳಸಿಕೊಂಡು ಹೋಗುತ್ತಿದ್ದವು.

ತೋಳು ಹಿಡಿದು ಈಚೆಗೆ ಎಳೆದೆ. ಅವಳು ನನ್ನನ್ನು ಅಪರಿಚಿತನನ್ನು ನೋಡುವಂತೆ ನೋಡಲಿಲ್ಲ. ಹಾಗೆ ನೋಡಿದ್ದರೂ ತಡೆದುಕೊಳ್ಳುತ್ತಿದ್ದೆ. ಹಳೆಯ ಬೇಸರದ ಮುಖ ಮಾಡಿ, "ಡ್ಯಾಡ್, ವೈ ಆರ್ ಯೂ ಹಿಯರ್? ಬಸ್ ಈಸ್ ಕಮಿಂಗ್," ಎಂದಳು.

ಅವಳು ತಂಡದ ಬಸ್ಸಿಗೆ ಕಾಯುತ್ತಿದ್ದಳು. ನನ್ನ ಕಾರಿಗಲ್ಲ. ಅವಳ ಬಾಯಿಯಲ್ಲಿ ಏಪ್ರಿಲ್ ಇತ್ತು, ಒಳಗೆ ಯಾವುದೋ ಹಿಂದಿನ ಜನವರಿ. ಅದರಲ್ಲಿ ನಾನಿರಲಿಲ್ಲ. ಜೀವ ಉಳಿಯಿತಲ್ಲ ಎಂದು ದೇವರಿಗೆ ಕೈ ಮುಗಿಯಬೇಕಾದ ಹೊತ್ತಿನಲ್ಲಿ ನನಗೆ ಹೊಟ್ಟೆಕಿಚ್ಚಾಯಿತು, ಆ ಬಸ್ಸಿನ ಮೇಲೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೇ.

ಸೋಮವಾರ ಥೆರಪಿಸ್ಟ್ ಮುಂದೆ ನೋಟ್‌ಬುಕ್ ಇಟ್ಟು ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ಏರಿಸಿಕೊಂಡು ಪುಟ ತಿರುಗಿಸಿದರು. ಬೈಯುತ್ತಾರೆಂದು ಕಾದೆ.

"ನಾನು ಪರೀಕ್ಷೆ ಮಾಡ್ತಾ ಇರ್ಲಿಲ್ಲ," ಎಂದರು ಮೆಲ್ಲಗೆ. "ಅವಳು ಎಲ್ಲಿದ್ದಾಳೆ ಅಂತ ಹುಡುಕ್ತಾ ಇದ್ದೆ. ನೀವು ಅವಳನ್ನ ಬಚ್ಚಿಟ್ಟುಬಿಟ್ರಿ."

ಅಲ್ಲಿಂದ ಮುಂದೆ ನನಗೆ ಒಂದೇ ಕೆಲಸ ಕೊಟ್ಟರು. ಪ್ರಶ್ನೆ ಕೇಳಿ ಸುಮ್ಮನೆ ಕೂರುವುದು. ಉತ್ತರ ಬರದಿದ್ದರೆ ಬರಲಿಲ್ಲ. ಅವಳು ಚಮಚಕ್ಕೆ ಏನನ್ನುತ್ತಾರೆಂದು ತಡಕಾಡುವಾಗ ಆ ಪದ ನನ್ನ ನಾಲಿಗೆಯ ತುದಿಗೆ ಬಂದು ನಿಂತಿರುತ್ತಿತ್ತು. ಎಷ್ಟೋ ಸಲ ಎದ್ದು ಕಾರಿಡಾರಿಗೆ ಹೋಗಿ ನಿಂತಿದ್ದೇನೆ. ಆದರೂ ಆ ಬೇಸಿಗೆ ಕಳೆಯುವಷ್ಟರಲ್ಲಿ ಮಗಳು ತಾನೇ ದಾರಿ ಮಾಡಿಕೊಂಡು ಬಂದಳು. ತಿಂಗಳು ತಿಳಿಯಿತು, ತನಗಾದದ್ದು ತಿಳಿಯಿತು. ನಡಿಗೆ ನೆಟ್ಟಗಾಯಿತು. ಒಂದು ವರ್ಷ ತಡವಾಗಿ ಸ್ಕೂಲು ಮುಗಿಸುವುದೆಂದಾಯಿತು. ಎಲ್ಲರೂ ಇದನ್ನು ದೊಡ್ಡ ಅದೃಷ್ಟ ಎಂದರು. ಅದೃಷ್ಟವೇ. ಬೀಳುವುದಕ್ಕೆ ಮುಂಚಿನ ಕೆಲವು ತಿಂಗಳು ಮಾತ್ರ ಹಿಂದಿರುಗಲಿಲ್ಲ, ಇನ್ನು ಹಿಂದಿರುಗುವುದೂ ಇಲ್ಲ ಎಂದು ಡಾಕ್ಟರು ಹೇಳಿದರು. ಕೆಲವು ತಿಂಗಳು ತಾನೇ ಎಂದು ಹೆಂಡತಿ ಸಮಾಧಾನಪಟ್ಟುಕೊಂಡಳು. ನಾನು ತಲೆಯಾಡಿಸಿದೆ.

ಮರುವರ್ಷ ಜನವರಿಯಲ್ಲಿ ಮಗಳು, ತಾನು ಬಿದ್ದ ಜಾಗ ನೋಡಬೇಕು ಎಂದಳು. ಮತ್ತೆ ಸ್ಕೀ ಕಟ್ಟುವಂತಿರಲಿಲ್ಲ, ನೋಡಿ ಬರಲು ಅಡ್ಡಿಯಿರಲಿಲ್ಲ. ಶನಿವಾರ ಹೊರಟೆವು. ಪಕ್ಕದ ಸೀಟಿನಲ್ಲಿ ಅವಳು ಕೈಗವಸು ಹಾಕಿಕೊಂಡು ಕೂತಿದ್ದಳು. ಅರ್ಧ ದಾರಿ ಕಳೆದಿತ್ತು.

"ನಾವಿಬ್ರೇ ಹೀಗೆ ಬರ್ತಿದ್ವಾ?" ಎಂದು ಕೇಳಿದಳು. ಅಮ್ಮ ಹೇಳಿರಬೇಕು.

"ಬರ್ತಿದ್ವಿ."

"ನಾನು ಮಾತಾಡ್ತಿದ್ನಾ?"

"ಬಾಯಿ ಮುಚ್ತಿರ್ಲಿಲ್ಲ ನೀನು."

ಅವಳು ನಕ್ಕಳು. ಅಷ್ಟು ತಿಂಗಳು ಹೇಳದೆ ಇಟ್ಟುಕೊಂಡಿದ್ದದ್ದೆಲ್ಲ ಒಟ್ಟಿಗೆ ಎದ್ದು ಬಂತು. ಯಾವ ಸೇತುವೆಯ ಹತ್ತಿರ ಏನು ಹೇಳಿದ್ದಳು, ಯಾವ ಮಾತಿಗೆ ಅತ್ತಿದ್ದಳು, ಮೇಲೆ ನಿಂತಾಗ ಆಗುತ್ತಿದ್ದ ಆ ಭಯ, ಎಲ್ಲ. "ಒಂದು ಶನಿವಾರ ನೀನು..." ಎಂದು ಶುರು ಮಾಡಿದೆ.

ಅವಳು ಗಿಯರಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡಳು. "ಡೋಂಟ್, ಅಪ್ಪ. ನೀನು ಹೇಳಿದ್ರೆ ನಾನು ಅದನ್ನ ಬೈಹಾರ್ಟ್ ಮಾಡ್ಬಿಡ್ತೀನಿ. ಆಮೇಲೆ ಅದು ನಿಜವಾಗ್ಲೂ ನೆನಪಾಗಿದ್ದಾ ಅಂತ ನಿಂಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ."

ಅವಳು ಹೇಳಿದ್ದು ಸರಿ ಇತ್ತು. ಇವತ್ತಿಗೂ ಅವಳಿಗೆ ಒಂದು ಮಾತೂ ಹೇಳಿಲ್ಲ. ಆ ಚಳಿಗಾಲದಲ್ಲಿ ನಾವು ಇಬ್ಬರಿದ್ದೆವು. ಈಗ ಅಲ್ಲಿಗೆ ನಾನೊಬ್ಬನೇ ಹೋಗಿ ಬರುತ್ತೇನೆ.