ಅಮ್ಮನ ಫೋಟೊ ಪ್ಲೇಟಿಗೆ ಹೋದದ್ದು

ಪ್ರೆಸ್ಸಿಗೆ ಬರುವ ಯಾವ ಫೈಲನ್ನೂ ನಾನು ನೇರವಾಗಿ ತೆರೆಯುತ್ತಿರಲಿಲ್ಲ. ಮೊದಲು ಅದರ ಪ್ರಾಪರ್ಟೀಸ್ ನೋಡುತ್ತಿದ್ದೆ. ಪುಟದ ಅಳತೆ ಎಷ್ಟು, ಯಾವ ಕನ್ನಡ ಫಾಂಟು, ಫೋಟೊದಲ್ಲಿ ಪಿಕ್ಸೆಲ್ ಎಷ್ಟು, ಬಣ್ಣ ಮಾನಿಟರಿನದೋ ಪ್ರಿಂಟಿಂಗಿನದೋ, ಎಲ್ಲ ನೋಡಿದ ಮೇಲೆಯೇ ಮುಂದಿನ ಮಾತು. ಶಿವಮೊಗ್ಗದ ಆ ಆಫ್‌ಸೆಟ್ ಪ್ರೆಸ್ಸಿನಲ್ಲಿ ನನಗೆ ಸಂಬಳ ಕೊಡುತ್ತಿದ್ದದ್ದೇ ಈ ಅನುಮಾನದ ಬುದ್ಧಿಗೆ. ಅಚ್ಚು ಹಾಕುವ ತಗಡಿನ ಪ್ಲೇಟ್ ಆದಮೇಲೆ ತಪ್ಪು ಕಂಡರೆ ಪ್ಲೇಟೂ ಹೋಯಿತು, ಕಾಗದವೂ ಹೋಯಿತು, ಗಿರಾಕಿಯೂ ಹೋದ. ಜನ ಸಿ.ಡಿ. ಹಿಡಿದು ಬಂದು, "ಎಲ್ಲಾ ಸರಿ ಇದೆ ಮೇಡಂ, ಹಾಕ್ಬಿಡಿ" ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸರಿ ಇದೆಯೋ ಇಲ್ಲವೋ ಹೇಳಬೇಕಾದವಳು ನಾನು.

ಎರಡು ಸಾವಿರನೇ ಇಸವಿಯ ಈಚಿನ ಒಂದು ಬೇಸಿಗೆಯಲ್ಲಿ ಅಮ್ಮ ಭದ್ರಾವತಿಯಲ್ಲಿ ತೀರಿಕೊಂಡಳು. ನಮ್ಮಲ್ಲಿ ಮಣ್ಣು ಮಾಡಿ ಬಂದ ಮಾರನೆಯ ದಿನದಿಂದಲೇ ಶಿವಗಣಾರಾಧನೆಯ ಕಾರ್ಡಿನ ಗಡಿಬಿಡಿ. ಲಿಂಗೈಕ್ಯರಾದರು ಎಂದು ಬರೆದು, ಫೋಟೊ ಹಾಕಿಸಿ, ನೆಂಟರಿಷ್ಟರ ಮನೆಗಳಿಗೆಲ್ಲ ಹಂಚಬೇಕು. ಫೋಟೊ ಇಲ್ಲದ ಕಾರ್ಡು ಕೊಟ್ಟರೆ ಸತ್ತವರನ್ನು ಕಡೆಗಣಿಸಿದಂತೆ. ಕಾರ್ಡಿನ ಕೆಲಸ ನನಗಿರಲಿ ಎಂದು ನಾನೇ ಕೇಳಿ ಪಡೆದೆ. ಅಮ್ಮನ ಮುಖ ನನ್ನ ಕೈಯಿಂದಲೇ ಪ್ಲೇಟಿಗೆ ಹೋಗಬೇಕು, ಅವಳು ಇದ್ದಂತೆಯೇ ಬರಬೇಕು ಎನ್ನುವುದೊಂದೇ ನನ್ನ ಆಸೆ.

ಆಮೇಲೆ ಶುರುವಾಯಿತು ಹುಡುಕಾಟ. ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಮನೆಯ ಗೋಡೆ ತುಂಬ ಅಪ್ಪಾಜಿ. ಕಾರ್ಖಾನೆಯಲ್ಲಿ ಶಾಲು ಹೊದಿಸಿಕೊಂಡ ಅಪ್ಪಾಜಿ, ಸಂಘದ ಪದಾಧಿಕಾರಿಗಳ ನಡುವೆ ಕೂತ ಅಪ್ಪಾಜಿ, ಹೊಸ ಸ್ಕೂಟರಿನ ಮೇಲೆ ಅಪ್ಪಾಜಿ. ಅಮ್ಮ ಎಲ್ಲಿಯೂ ಇಲ್ಲ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದಾಗ ತೆಗೆಸಿದ ಫೋಟೊದಲ್ಲಿ ಆನೆ ಪೂರ್ತಿ ಬಂದಿದೆ, ಅಪ್ಪಾಜಿ ಪೂರ್ತಿ ಬಂದಿದ್ದಾರೆ, ಬುತ್ತಿಯ ಚೀಲ ಹಿಡಿದುಕೊಂಡಿದ್ದ ಅಮ್ಮನ ಒಂದು ಭುಜ ಬಂದಿದೆ. ಕೊನೆಗೆ ಸಿಕ್ಕಿದ್ದು ಅಣ್ಣನ ಮದುವೆಯ ಗ್ರೂಪ್ ಫೋಟೊ. ಹಿಂದಿನ ಸಾಲಿನ ತುದಿಯಲ್ಲಿ, ಯಾರೋ ಕರೆದರೆಂದು ಅಡುಗೆಯವರ ಹತ್ತಿರದಿಂದ ಓಡಿಬಂದು ನಿಂತಿದ್ದಾಳೆ. ಹಣೆಯಲ್ಲಿ ವಿಭೂತಿ, ಬೆವರಿದ ಮುಖ, ನಗಬೇಕೋ ಬೇಡವೋ ಎಂದು ಅನುಮಾನಿಸುತ್ತಿರುವ ಬಾಯಿ. ಅವಳು ಯಾವಾಗಲೂ ಇದ್ದದ್ದು ಹಾಗೆಯೇ.

ಅದನ್ನು ಸ್ಕ್ಯಾನ್ ಮಾಡಿ, ಮುಖದ ಭಾಗವನ್ನಷ್ಟೇ ಉಳಿಸಿಕೊಂಡು, ಅಭ್ಯಾಸಬಲದಿಂದ ಪ್ರಾಪರ್ಟೀಸ್ ತೆಗೆದೆ. ಅಗಲ ಬರೀ ತೊಂಬತ್ತು ಪಿಕ್ಸೆಲ್. ಗಿರಾಕಿಗಳು ಇಂಥದನ್ನು ತಂದರೆ ಎರಡನೇ ಮಾತಿಲ್ಲದೆ ವಾಪಸ್ ಕಳಿಸುತ್ತಿದ್ದೆ. ರೆಸಲ್ಯೂಷನ್ ಏರಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಫೋಟೊ ಕಾಗದದ ಕಾಳುಗಳು ದೊಡ್ಡದಾದವೇ ಹೊರತು ಅಮ್ಮನ ಮುಖ ಸ್ಪಷ್ಟವಾಗಲಿಲ್ಲ. ನೆಗೆಟಿವನ್ನು ಸ್ಟುಡಿಯೋದವರು ಎಂದೋ ಎಸೆದಿದ್ದರು. ಅಷ್ಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಆ ಮನೆ ಕೊಟ್ಟ ಜಾಗ ಇಷ್ಟೇ ಎಂದು ಕಂಪ್ಯೂಟರು ಅಳೆದು ಹೇಳಿದಂತಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಚಿಕ್ಕದಾಗಿಯೇ ಹಾಕೋಣ ಎಂದುಕೊಂಡೆ. ಚಿಕ್ಕದಾಗಿ ಹಾಕಿದರೆ ಅಷ್ಟು ಪಿಕ್ಸೆಲ್ಲಿನಲ್ಲೂ ಮುಖ ಒಡೆಯುವುದಿಲ್ಲ. ಸುತ್ತ ಬಿಳಿ ಜಾಗ ಬಿಟ್ಟು ಕಾರ್ಡು ಜೋಡಿಸಿ, ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಅಣ್ಣನಿಗೆ ಪ್ರೂಫ್ ತೋರಿಸಿದೆ.

"ಅಯ್ಯೋ ಮಾರಾಯ್ತಿ, ಇದೇನು, ಸ್ಟಾಂಪ್ ಅಂಟಿಸ್ದಂಗಿದೆ! ನೋಡ್ದೋರು ಏನಂತಾರೆ? ತಾಯಿದು ಒಂದು ಫೋಟೊನೂ ತೆಗ್ಸಿರ್ಲಿಲ್ವಾ ಅಂತಾರೆ."

"ತೆಗ್ಸಿರ್ಲಿಲ್ವಲ್ಲ ಅಣ್ಣ."

"ನೀನು ಸುಮ್ನಿರು. ನಾನು ಮಾಡಿಸ್ಕೊಂಡು ಬರ್ತೀನಿ."

ಮಾರನೆಯ ದಿನ ಮಧ್ಯಾಹ್ನ ಅಣ್ಣ ಪ್ರೆಸ್ಸಿಗೇ ಬಂದು ಒಂದು ಸಿ.ಡಿ. ಕೊಟ್ಟ. ಹಾಕಿ ಪ್ರಾಪರ್ಟೀಸ್ ನೋಡಿದೆ. ಅಗಲ ಸರಿ, ಎತ್ತರ ಸರಿ, ರೆಸಲ್ಯೂಷನ್ ಮುನ್ನೂರು, ಬಣ್ಣ ಕೂಡ ಪ್ರಿಂಟಿಂಗಿನದೇ. ಬೆರಳಿಟ್ಟು ತೋರಿಸುವಂಥ ಒಂದು ತಪ್ಪೂ ಇರಲಿಲ್ಲ. ಆಮೇಲೆ ಫೈಲ್ ತೆರೆದೆ.

ಯಾರದೋ ಮೈಯ ಮೇಲೆ ಅಮ್ಮನ ತಲೆ ಇತ್ತು. ಹಸಿರು ರೇಷ್ಮೆ ಸೀರೆ, ಅಂಗೈಯಗಲದ ಜರಿ ಅಂಚು, ಕೊರಳಲ್ಲಿ ದಪ್ಪ ಸರ. ಸತ್ತವರ ಮುಖಕ್ಕೆ ಹೀಗೆ ಮೈ ಜೋಡಿಸಿಕೊಡುವ ಸ್ಟುಡಿಯೋಗಳು ನಮ್ಮ ಎರಡೂ ಊರಿನಲ್ಲಿ ಬೇಕಾದಷ್ಟಿದ್ದವು. ಗಂಡಸರಿಗೊಂದು ಕೋಟು, ಹೆಂಗಸರಿಗೊಂದು ರೇಷ್ಮೆ ಸೀರೆ, ಯಾರು ಸತ್ತರೂ ಅದೇ. ಮುಖವನ್ನು ಎಳೆದು ದೊಡ್ಡದು ಮಾಡಿ, ಕಾಳು ಕಾಣದಂತೆ ನುಣ್ಣಗೆ ತೀಡಿದ್ದರು. ತೀಡಿದ ರಭಸಕ್ಕೆ ಕಣ್ಣಿನ ಸುತ್ತಲ ಸುಕ್ಕೂ ಹೋಗಿತ್ತು, ವಿಭೂತಿಯನ್ನು ಹೊಸದಾಗಿ ಬರೆದಿದ್ದರು. ಬಾಯಿ ಯಾವ ಅನುಮಾನವೂ ಇಲ್ಲದೆ ನಗುತ್ತಿತ್ತು.

"ಅಣ್ಣ, ಇದು ಅಮ್ಮ ಅಲ್ಲ."

"ನಿನ್ನ ಪ್ರಾಪರ್ಟೀಸ್ ಏನನ್ನುತ್ತೆ? ಸರಿ ಇದೆಯಾ, ಇಲ್ವಾ?"

"ಸರಿ ಇದೆ."

"ಮತ್ತೆ ಹಾಕು. ಅಪ್ಪಾಜಿಗೂ ತೋರ್ಸಿದೀನಿ, ಒಪ್ಪಿದಾರೆ."

ವಾದ ಮಾಡಿದೆ, ಕೂಗಾಡಿದೆ, ಮಷೀನಿನವರು ತಿರುಗಿ ನೋಡುವಷ್ಟು ಕೂಗಾಡಿದೆ. ಅಪ್ಪಾಜಿ ಒಪ್ಪಿದ ಮೇಲೆ ನಮ್ಮ ಮನೆಯಲ್ಲಿ ಮಗಳ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಸಂಜೆಯೊಳಗೆ ಪ್ಲೇಟಾಗಿ, ಕಾರ್ಡುಗಳು ಮಷೀನಿನಿಂದ ಒಂದರ ಮೇಲೊಂದು ಬಿದ್ದವು. ಪ್ರಿಂಟಿಂಗ್ ಬಹಳ ಚೆನ್ನಾಗಿ ಬಂದಿತ್ತು.

ಶಿವಗಣಾರಾಧನೆಯ ದಿನ ಅದೇ ಫೈಲಿನಿಂದ ಮಾಡಿಸಿದ ದೊಡ್ಡ ಫ್ರೇಮಿಗೆ ಹಾರ ಹಾಕಿ ನಡುಮನೆಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಕೈಮುಗಿದು, ಎಷ್ಟು ಲಕ್ಷಣವಾಗಿದ್ದರು ಎಂದು ಹೇಳಿ ಊಟಕ್ಕೆ ಏಳುತ್ತಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಅಪ್ಪಾಜಿ ದೂರದ ಸಂಬಂಧದ ಒಬ್ಬರಿಗೆ ಫೋಟೊ ತೋರಿಸುತ್ತ ಹೇಳುತ್ತಿದ್ದರು.

"ಆ ಸೀರೆ ನಾನೇ ಕೊಡ್ಸಿದ್ದು. ಗೃಹಪ್ರವೇಶಕ್ಕೆ. ಬೇಡ ಬೇಡ ಅಂದ್ಲು, ನಾನೇ ಬಿಡ್ಲಿಲ್ಲ."

ನೀರಿನ ಲೋಟಗಳನ್ನು ಹಿಡಿದು ಹೋಗುತ್ತಿದ್ದ ನನಗೆ ತಡೆಯಲಾಗಲಿಲ್ಲ. "ಎಲ್ಲಿ ತಂದಿದ್ರಿ ಅಪ್ಪಾಜಿ?"

"ಶಿವಮೊಗ್ಗದಲ್ಲಿ, ಗಾಂಧಿ ಬಜಾರ್‌ನಲ್ಲಿ. ನೀನೂ ಜೊತೇಲಿ ಬಂದಿದ್ಯಲ್ಲ."

ಸುಳ್ಳು ಹೇಳುವಾಗ ಅಪ್ಪಾಜಿ ಕಣ್ಣು ತಪ್ಪಿಸುತ್ತಾರೆ. ಅದು ನನಗೆ ಚಿಕ್ಕಂದಿನಿಂದ ಗೊತ್ತು. ಅವತ್ತು ಅವರು ನನ್ನನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು. ಅಮ್ಮ ಏನು ಉಡುತ್ತಿದ್ದಳೆಂದು ಅವರು ಒಂದು ದಿನವೂ ನೋಡಿರಲಿಲ್ಲ. ಹಾಗಾಗಿ ಸ್ಟುಡಿಯೋದವರು ಉಡಿಸಿದ್ದೇ ಅವರಿಗೆ ನೆನಪಾಗಿತ್ತು.