ಅರ್ಥ ಹೇಳಿ, ಆಮೇಲೆ ಗೆಜ್ಜೆ

ಅಕ್ಕೂರಿನಲ್ಲಿ ನನ್ನ ಮಗಳಿಗೆ ಕುಣಿತ ಕಲಿಸಿದ ಟೀಚರು ಪಾಠಕ್ಕೆ ಮೊದಲು ಜಮಖಾನ ಹಾಸುತ್ತಿದ್ದರು. ಬರಿ ಸಿಮೆಂಟಿನ ಮೇಲೆ ಹಾರಿದರೆ ಎಳೆಯ ಮಂಡಿ ನೋಯುತ್ತದಂತೆ. ಯಾವ ಮಗುವಾದರೂ ಸುಸ್ತು ಎಂದರೆ ಸೆರಗು ಸಿಕ್ಕಿಸಿಕೊಂಡು ತಾವೂ ಅದರ ಪಕ್ಕ ಕೂತುಬಿಡುತ್ತಿದ್ದರು. ಹೊಸ ಹಾಡು ತಂದವರಿಗೆಲ್ಲ ಅವರದು ಒಂದೇ ಮಾತು: "ಅರ್ಥ ಹೇಳಿ, ಆಮೇಲೆ ಗೆಜ್ಜೆ."

ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದಾಗ, ರೇಷ್ಮೆ ಹುಳ ಸಾಕುವ ನಮ್ಮ ಪಕ್ಕದ ಮನೆಯಾಕೆ ಏಳು ವರ್ಷದ ಮಗಳನ್ನು ಕರೆತಂದು ಮೊಬೈಲಿನಲ್ಲಿ ಒಂದು ಸಿನಿಮಾ ಹಾಡು ತೋರಿಸಿದಳು. ಸೊಂಟ ಕುಲುಕಿಸಿ ಕಣ್ಣು ಹೊಡೆಯುವ ಹಾಡು. "ಇದ್ಕೇ ಕುಣ್ಸಿ ಮಿಸ್, ಎಲ್ರೂ ಸಿಳ್ಳೆ ಹೊಡೀಬೇಕು."

ಟೀಚರು ಬೇಡ ಎನ್ನಲಿಲ್ಲ. "ಆಯ್ತು ಕಣಮ್ಮ. ಈ ಹಾಡ್ನಾಗೆ ಏನೈತೆ ಅಂತ ಮಗೀಗೆ ನೀನೇ ಒಸಿ ಹೇಳ್ಬುಡು."

ಆಕೆ ಬಾಯಿ ತೆರೆದಳು. ಮಗು ಅವಳ ಮುಖವನ್ನೇ ನೋಡುತ್ತಾ ಕಾಯಿತು. ಕೊನೆಗೆ ಆಕೆ ಮೊಬೈಲು ಆರಿಸಿದಳು. "ಥೂ, ಬ್ಯಾಡ ಬುಡಿ ಮಿಸ್. ಬೇರೇದು ಮಾಡ್ಸಿ."

"ನಿಮ್ಮನೆ ಹುಳ ಈಗ ಏನ್ ಮಾಡ್ತಾವೆ ಪುಟ್ಟಿ?" ಎಂದು ಟೀಚರು ಕೇಳಿದ್ದೇ ತಡ, ಮಗು ಬೋರಲು ಮಲಗಿ ಹುಳದಂತೆ ಸೊಪ್ಪು ಮೇಯತೊಡಗಿತು.

ವಾರ್ಷಿಕೋತ್ಸವದಲ್ಲಿ ಮಕ್ಕಳೆಲ್ಲ ರೇಷ್ಮೆ ಹುಳಗಳಾಗಿ ಮೇಯ್ದು, ಬಲಿತು ಹಣ್ಣಾಗಿ, ಗೂಡು ಕಟ್ಟಲು ಎದ್ದರು. ಆ ಹುಡುಗಿ ಮಾತ್ರ ಮೇಯುತ್ತಲೇ ಇದ್ದಳು. ಮುಂದಿನ ಸಾಲಿನಲ್ಲಿದ್ದ ತಾಯಿಗೆ ತಡೆಯಲಾಗಲಿಲ್ಲ. "ಏಯ್, ಹಣ್ಣಾದ್ ಹುಳ ಸೊಪ್ಪು ತಿನ್ನಲ್ಲ ಕಣೇ! ತಲೆ ಎತ್ತು, ನೂಲು ಬುಡು!"

ಸಭೆಯಲ್ಲಿದ್ದವರೆಲ್ಲ ಹುಳ ಸಾಕಿದವರೇ. ನಕ್ಕು ಸಿಳ್ಳೆ ಹೊಡೆದರು. ವೇದಿಕೆಯ ಪಕ್ಕದಲ್ಲಿ ನನ್ನ ಜೊತೆ ನಿಂತಿದ್ದ ಟೀಚರು ನನ್ನತ್ತ ತಿರುಗಿದರು.

"ನೋಡಿದ್ರಾ, ಆಯಮ್ಮಂಗೆ ಅರ್ಥ ಹೇಳೋಕೆ ಈಗ ಹೆಂಗೆ ಬಾಯಿ ಬಂತು!"